ಉಸಿರನ್ನು ಅಳೆದದ್ದು ಎಲ್ಲಿ?

ಕೊರೊನಾ ಕಾಲ ನಮ್ಮ ಆಡುಮಾತಿಗೆ ತಂದುಕೊಟ್ಟ ಪದಗಳಲ್ಲಿ ‘ವೆಂಟಿಲೇಟರ್ ಬೆಡ್’ ಒಂದು. ಯಾವ ಜಿಲ್ಲೆಗೆ ಎಷ್ಟು ಬಂತು, ಯಾವ ಆಸ್ಪತ್ರೆಯಲ್ಲಿ ಎಷ್ಟು ಖಾಲಿ ಇದೆ ಎಂಬ ಲೆಕ್ಕ ದಿನಬೆಳಗಾದರೆ ಪತ್ರಿಕೆಗಳಲ್ಲಿ ಇರುತ್ತಿತ್ತು. 2020ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನ ಬಿಇಎಲ್‌ಗೆ 30,000 ವೆಂಟಿಲೇಟರ್‌ಗಳ ಆರ್ಡರ್ ಕೊಟ್ಟಿತು. ಅದರ ವಿನ್ಯಾಸಕ್ಕೆ ಹೆಗಲು ಕೊಟ್ಟದ್ದು ಮೈಸೂರಿನ ಸ್ಕ್ಯಾನ್‌ರೇ. ನಮ್ಮವರ ಕೆಲಸವೆಂದು ನಾವು ಹೆಮ್ಮೆಪಟ್ಟೆವು, ಅದರಲ್ಲಿ ತಪ್ಪೇನಿಲ್ಲ. ಮರುವರ್ಷ ಮೂರನೇ ಅಲೆ ಮಕ್ಕಳ ಮೇಲೆಯೇ ಎರಗುತ್ತದೆ ಎಂಬ ಭಯ ಹಬ್ಬಿದಾಗ ರಾಜ್ಯ ಸರ್ಕಾರ ಡಾ. ದೇವಿ ಶೆಟ್ಟಿಯವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ರಚಿಸಿತು. ಮಕ್ಕಳ ಐಸಿಯು ಹಾಸಿಗೆಗಳ ಎಣಿಕೆಯೂ ಶುರುವಾಯಿತು.

ಎಣಿಕೆ ಬೇಕಾದದ್ದೇ. ಆದರೆ ಈ ಎಲ್ಲ ಎಣಿಕೆಯ ನಡುವೆ ಸಾರ್ವಜನಿಕ ಚರ್ಚೆಗೆ ಬಾರದೆ ಉಳಿದ ಪ್ರಶ್ನೆಯೊಂದಿದೆ. ಮೂರು ಕಿಲೋ ತೂಗುವ ಮಗುವಿಗೆ ಒಂದು ಉಸಿರಿನಲ್ಲಿ ಹೋಗಬೇಕಾದ ಗಾಳಿ ಸುಮಾರು 18 ಮಿ.ಲೀ. ಕೆಮ್ಮಿನ ಸಿರಪ್ಪಿನ ಬಾಟಲಿಯ ಮೇಲಿನ ಪುಟ್ಟ ಮುಚ್ಚಳದಲ್ಲಿ ಎರಡು ಸಲ ಅಳೆದರೆ ಮುಗಿಯುವಷ್ಟು. ಯಂತ್ರದ ಪರದೆ ‘18’ ಎಂದು ತೋರಿಸುತ್ತಿರುವಾಗ ಮಗುವಿನ ಶ್ವಾಸಕೋಶಕ್ಕೆ ನಿಜಕ್ಕೂ 18 ಹೋಗುತ್ತಿದೆಯೆ?

ಬಹಳ ಸಲ ಹೋಗುತ್ತಿರುವುದಿಲ್ಲ. ಹಾಗೆಂದು ಯಂತ್ರ ಕೆಟ್ಟಿದೆ ಎಂದಲ್ಲ, ಅದು ಸುಳ್ಳು ಹೇಳುತ್ತಿದೆ ಎಂದೂ ಅಲ್ಲ. ಅದು ತಾನು ಅಳೆದ ಜಾಗದ ಅಳತೆಯನ್ನು ಹೇಳುತ್ತಿದೆ, ನಾವು ಅದನ್ನು ಮಗುವಿನ ಉಸಿರು ಎಂದು ಓದಿಕೊಳ್ಳುತ್ತಿದ್ದೇವೆ. ಮಕ್ಕಳ ಮಟ್ಟಿಗೆ, ಎಲ್ಲಿ ಅಳೆದದ್ದು ಎಂದು ಜೊತೆಗೆ ಹೇಳದ ಉಸಿರಿನ ಅಂಕಿ ಅರ್ಧ ಅಂಕಿ. ವೆಂಟಿಲೇಟರ್ ಕೊಳ್ಳುವವರು, ಬಳಸುವವರು, ಅದರ ಮೇಲೆ ಸಂಶೋಧನೆ ಮಾಡುವವರು ಮೂವರೂ ಇದನ್ನು ಇನ್ನೂ ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದು ನನ್ನ ವಾದ.

ಯಂತ್ರಕ್ಕೂ ಮಗುವಿಗೂ ನಡುವೆ ಏನಿದೆ ನೋಡೋಣ. ಯಂತ್ರದಿಂದ ಹೊರಟ ಗಾಳಿ ಒಂದು ಕೊಳವೆಯಲ್ಲಿ ಸಾಗಿ ಹ್ಯೂಮಿಡಿಫೈಯರಿನ ನೀರಿನ ಡಬ್ಬಿಯನ್ನು ಹಾದು, ಬೆಚ್ಚಗಾಗಿ, ಇನ್ನೊಂದು ಕೊಳವೆಯಲ್ಲಿ ಮಗುವಿನ ಬಾಯಿಯ ಬಳಿ ಬರುತ್ತದೆ. ಅಲ್ಲಿ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ತುಂಡೊಂದಿದೆ. ಅದರ ಒಂದು ಕವಲಿನಿಂದ ಒಳಗೆ ಹೋಗುವ ಗಾಳಿ, ಇನ್ನೊಂದರಿಂದ ಯಂತ್ರಕ್ಕೆ ಮರಳುವ ಗಾಳಿ. ಬುಡಕ್ಕೆ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬು. ತುಂಬಿದ ತಿಂಗಳ ನವಜಾತ ಶಿಶುವಾದರೆ ಆ ಟ್ಯೂಬಿನ ಒಳವ್ಯಾಸ 3.5 ಮಿ.ಮೀ. ಆಸುಪಾಸು. ಈ ಇಡೀ ಸರ್ಕ್ಯೂಟಿನೊಳಗಿನ ಗಾಳಿಯೂ ಒತ್ತಡಕ್ಕೆ ಸಿಕ್ಕಿ ಕುಗ್ಗುತ್ತದೆ, ಕೊಳವೆಯ ಗೋಡೆ ಒಂದಿಷ್ಟು ಹಿಗ್ಗುತ್ತದೆ. ಬಾಯ್ಲನ ನಿಯಮ ಹೈಸ್ಕೂಲಿನಲ್ಲಿ ಓದಿದವರಿಗೆ ನೆನಪಿರಬಹುದು: ಒಂದು ಲೀಟರ್ ಗಾಳಿಯ ಮೇಲೆ ಒಂದು ಸೆಂ.ಮೀ. ನೀರಿನಷ್ಟು ಒತ್ತಡ ಹೆಚ್ಚಿಸಿದರೆ ಅದು ಹೆಚ್ಚುಕಡಿಮೆ ಒಂದು ಮಿ.ಲೀ. ಕುಗ್ಗುತ್ತದೆ. ಕುಗ್ಗಿದ ಜಾಗವನ್ನು ತುಂಬುವ ಗಾಳಿ ಯಂತ್ರದಿಂದಲೇ ಬರಬೇಕು. ಅದು ಮಗುವಿಗೆ ಸೇರುವುದಿಲ್ಲ. ಉಸಿರು ಬಿಡುವ ಹೊತ್ತಿಗೆ ಮಗು ಬಿಟ್ಟ ಗಾಳಿಯ ಜೊತೆಗೇ ಯಂತ್ರಕ್ಕೆ ವಾಪಸು ಬರುತ್ತದೆ. ಯಂತ್ರದ ಹಿಂಬಾಗಿಲಲ್ಲಿ ಕೂತ ಮೀಟರು ಎರಡನ್ನೂ ಸೇರಿಸಿ ಓದುತ್ತದೆ.

ಕೆಆರ್‌ಎಸ್‌ನಿಂದ ಬಿಟ್ಟ ನೀರಿನ ಲೆಕ್ಕ ಬೇರೆ, ನಾಲೆಯ ಕೊನೆಭಾಗದ ರೈತನ ಗದ್ದೆಗೆ ಬಿದ್ದ ನೀರಿನ ಲೆಕ್ಕ ಬೇರೆ ಎಂದು ಮಂಡ್ಯದ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಲೆಕ್ಕವನ್ನೇ ಇಲ್ಲಿ ಸ್ವಲ್ಪ ಹತ್ತಿರದಿಂದ ಮಾಡೋಣ.

ಮೊದಲು ದೊಡ್ಡವರ ಲೆಕ್ಕ. 60 ಕಿಲೋ ತೂಕದ ಮನುಷ್ಯನಿಗೆ ಒಂದು ಉಸಿರಿಗೆ 400 ಮಿ.ಲೀ. ಬೇಕು ಎನ್ನಿ. ಉಸಿರು ತುಂಬುವಾಗ ಒತ್ತಡ 15 ಸೆಂ.ಮೀ. ಏರುತ್ತದೆ, ಸರ್ಕ್ಯೂಟು ಪ್ರತಿ ಸೆಂ.ಮೀ.ಗೆ 2 ಮಿ.ಲೀ. ನುಂಗುತ್ತದೆ. ಕೊಳವೆಯ ಪಾಲು 30. ಯಂತ್ರ 430 ಎಂದು ತೋರಿಸಿದರೂ ವ್ಯತ್ಯಾಸ ನೂರಕ್ಕೆ ಏಳು. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ.

ಈಗ ಮೂರು ಕಿಲೋ ಮಗು. ಸಣ್ಣ ಕೊಳವೆಯ ಸರ್ಕ್ಯೂಟು, ಪ್ರತಿ ಸೆಂ.ಮೀ.ಗೆ 1 ಮಿ.ಲೀ. ಮಾತ್ರ ನುಂಗುತ್ತದೆ ಎಂದಿಟ್ಟುಕೊಳ್ಳಿ. ಒತ್ತಡ ಅದೇ 15. ಮಗುವಿಗೆ 18 ಹೋಯಿತು, ಕೊಳವೆಗೆ 15 ಹೋಯಿತು. ಕೊಳವೆಯ ಪಾಲನ್ನು ಕಳೆಯದ ಯಂತ್ರ 33 ಎಂದು ತೋರಿಸುತ್ತದೆ. ಡ್ಯೂಟಿ ಡಾಕ್ಟರು ಲೆಕ್ಕ ಹಾಕುತ್ತಾರೆ: ಕಿಲೋಗೆ 11 ಮಿ.ಲೀ., ಅತಿಯಾಯಿತು, ಶ್ವಾಸಕೋಶ ಹಿಗ್ಗಿ ಹರಿದೀತು. ಪರದೆ 18 ಮುಟ್ಟುವವರೆಗೆ ಒತ್ತಡ ಇಳಿಸುತ್ತಾರೆ. ಆಗ ಏನಾಗುತ್ತದೆ? ಒತ್ತಡ 8ರ ಹತ್ತಿರಕ್ಕೆ ಇಳಿದು, ಕೊಳವೆಗೆ 8, ಮಗುವಿಗೆ 10. ಆ ಹತ್ತರಲ್ಲೂ ಆರೇಳು ಮಿ.ಲೀ. ಗಂಟಲು, ಶ್ವಾಸನಾಳ, ಟ್ಯೂಬಿನಲ್ಲೇ ಓಡಾಡಿ ವಾಪಸಾಗುವ ಗಾಳಿ. ರಕ್ತಕ್ಕೆ ಅದರಿಂದ ಪ್ರಯೋಜನವಿಲ್ಲ. ಕೆಲಸ ಮಾಡುವ ಗಾಳಿ ಉಳಿಯುವುದು ಮೂರು ಮಿ.ಲೀ. ಆಸುಪಾಸು. ಪರದೆಯ ಮೇಲೆ ಎಲ್ಲವೂ ಪಠ್ಯಪುಸ್ತಕದಂತೆ ಸರಿಯಾಗಿದೆ, ಮಗುವಿನ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಈ ತಪ್ಪು ಒಂದೇ ಪ್ರಮಾಣದಲ್ಲಿ ಇದ್ದಿದ್ದರೆ ಕಳೆದುಕೊಂಡು ಮುಂದೆ ಹೋಗಬಹುದಿತ್ತು, ಗಡಿಯಾರ ಐದು ನಿಮಿಷ ಮುಂದಿದ್ದರೂ ಬಸ್ಸು ಹಿಡಿಯುವುದಿಲ್ಲವೆ. ಆದರೆ ಇದು ರೋಗದ ಜೊತೆಗೆ ಬೆಳೆಯುವ ತಪ್ಪು. ಯಂತ್ರವನ್ನು 33 ಮಿ.ಲೀ.ಗೆ ಕಟ್ಟಿಹಾಕಿ ಇಟ್ಟಿದ್ದೀರಿ ಎನ್ನಿ. ರಾತ್ರಿ ನ್ಯುಮೋನಿಯ ಹೆಚ್ಚಿ ಶ್ವಾಸಕೋಶ ಅರ್ಧದಷ್ಟು ಗಡುಸಾಯಿತು. ಒತ್ತಡ 15ರಿಂದ 20 ದಾಟುತ್ತದೆ, ಕೊಳವೆಯ ಪಾಲೂ 20 ದಾಟುತ್ತದೆ, ಮಗುವಿನ ಪಾಲು 18ರಿಂದ 12ಕ್ಕೆ ಕುಸಿಯುತ್ತದೆ. ಪರದೆಯಲ್ಲಿ ಆಗಲೂ 33. ಮಗುವಿಗೆ ಕಾಯಿಲೆ ಜೋರಾದಷ್ಟೂ ಕೊಳವೆ ಹೆಚ್ಚು ನುಂಗುತ್ತದೆ. ನಂಬಿಕೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅಂಕಿ ಅತಿ ಕಡಿಮೆ ನಂಬಿಕೆಗೆ ಅರ್ಹವಾಗಿರುತ್ತದೆ.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಸಂಶೋಧಕರು ವೆಂಟಿಲೇಟರಿನಲ್ಲಿದ್ದ 98 ಶಿಶು ಹಾಗೂ ಮಕ್ಕಳಲ್ಲಿ ಯಂತ್ರದ ಅಳತೆಯನ್ನೂ ಟ್ಯೂಬಿನ ಬಾಯಲ್ಲಿ ಇಟ್ಟ ಸೆನ್ಸರಿನ ಅಳತೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಶಿಶುಗಳ ಸರ್ಕ್ಯೂಟಿನಲ್ಲಿ ಯಂತ್ರ ಹೇಳಿದ್ದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಟ್ಯೂಬಿನ ಬಾಯಲ್ಲಿ ಸಿಕ್ಕಿತು. ಟ್ಯೂಬಿನ ಬಾಯಲ್ಲೇ ಅಳೆಯಬೇಕು ಎಂಬ ಅವರ ತೀರ್ಮಾನ ಲೇಖನದ ಶೀರ್ಷಿಕೆಯಲ್ಲೇ ಇತ್ತು.

ಅಲ್ಲಿಂದೀಚೆಗೆ ಯಂತ್ರಗಳು ಸುಧಾರಿಸಿವೆ, ನಿಜ. ಈಗಿನವು ಬಳಕೆಗೆ ಮುಂಚಿನ ಸ್ವಯಂ ಪರೀಕ್ಷೆಯಲ್ಲಿ ಸರ್ಕ್ಯೂಟಿನ ತುದಿ ಮುಚ್ಚಿಸಿ, ಒತ್ತಡ ಕೊಟ್ಟು, ಕೊಳವೆ ಎಷ್ಟು ನುಂಗುತ್ತದೆಂದು ತಾವೇ ತಿಳಿದುಕೊಳ್ಳುತ್ತವೆ. ಆಮೇಲೆ ಪ್ರತಿ ಉಸಿರಿನಲ್ಲೂ ಅಷ್ಟನ್ನು ಕಳೆದು ತೋರಿಸುತ್ತವೆ. ಒಳ್ಳೆಯ ಉಪಾಯ. ಆದರೆ ಒಮ್ಮೆ ಮಕ್ಕಳ ಐಸಿಯುವಿನ ರಾತ್ರಿಪಾಳಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಸಂಜೆ ಪರೀಕ್ಷೆ ಮಾಡಿಯೇ ಯಂತ್ರ ಹಚ್ಚಿದ್ದಾರೆ. ಹನ್ನೊಂದಕ್ಕೆ ನೆಬ್ಯುಲೈಸರ್ ಕೊಡಲು ಸರ್ಕ್ಯೂಟಿನ ನಡುವೆ ಒಂದು ತುಂಡು ಸೇರಿತು. ಹ್ಯೂಮಿಡಿಫೈಯರಿನ ಡಬ್ಬಿಯಲ್ಲಿ ನೀರು ತಳ ಮುಟ್ಟಿತು. ನೀರು ಇಳಿದಷ್ಟೂ ಅಲ್ಲಿ ಗಾಳಿ ಹೆಚ್ಚು, ಗಾಳಿ ಹೆಚ್ಚಿದಷ್ಟೂ ಕುಗ್ಗುವ ಪಾಲು ಹೆಚ್ಚು. ಎರಡು ಗಂಟೆಗೆ ಕೊಳವೆಯೊಂದು ಬಿರುಕು ಬಿಟ್ಟು ಅಲಾರಂ ಕಿರುಚಿದಾಗ ಸಿಸ್ಟರು ಕೈಗೆ ಸಿಕ್ಕ ಬೇರೆ ಸೆಟ್ಟು ಜೋಡಿಸಿದರು. ಮಗುವಿಗೆ ಅಷ್ಟು ಹೊತ್ತು ಅಂಬು ಬ್ಯಾಗ್ ಒತ್ತುತ್ತಿರುವಾಗ ‘ಮೊದಲು ಪರೀಕ್ಷೆ ಮಾಡೋಣ, ತಡೆಯಿರಿ’ ಎನ್ನುವ ಧೈರ್ಯ ಯಾರಿಗಿರುತ್ತದೆ? ಯಂತ್ರ ಮಾತ್ರ ಸಂಜೆಯ ಸರ್ಕ್ಯೂಟಿನ ಲೆಕ್ಕವನ್ನೇ ಕಳೆಯುತ್ತ ಇರುತ್ತದೆ. ನಿಮಿಷಕ್ಕೆ 40 ಉಸಿರಿನಂತೆ ದಿನಕ್ಕೆ 57,600 ಉಸಿರು. ಸಣ್ಣ ತಪ್ಪಾದರೂ ಅಷ್ಟು ಸಲ ಆಗುತ್ತದೆ.

ಸೋರಿಕೆಯದು ಇನ್ನೊಂದು ಕತೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಕಫ್ ಇಲ್ಲದ ಟ್ಯೂಬೇ ಸರಿ ಎಂಬುದು ದಶಕಗಳ ರೂಢಿಯಾಗಿತ್ತು. ಟ್ಯೂಬಿನ ಸುತ್ತ ಉಬ್ಬಿ ಸೋರಿಕೆ ತಡೆಯುವ ಕಫ್ಫಿನ ಬಲೂನು ಎಳೆಯ ಶ್ವಾಸನಾಳವನ್ನು ಉಜ್ಜಿ ಗಾಯ ಮಾಡೀತೆಂಬ ಅಂಜಿಕೆ. ಕಫ್ ಇಲ್ಲದ ಟ್ಯೂಬಿನ ಸುತ್ತ ಗಾಳಿ ಸೋರುತ್ತದೆ, ಒಳಗೆ ಕಳಿಸಿದ್ದು ಹೆಚ್ಚು, ಮರಳಿದ್ದು ಕಡಿಮೆ, ನಿಜವಾದ ಉಸಿರು ಇವೆರಡರ ನಡುವೆ ಎಲ್ಲೋ. ಮಗು ತಲೆ ಹೊರಳಿಸಿದರೆ ಆ ‘ಎಲ್ಲೋ’ ಕೂಡ ಬದಲಾಗುತ್ತದೆ. 2009ರಲ್ಲಿ ಪ್ರಕಟವಾದ, 2,246 ಮಕ್ಕಳನ್ನೊಳಗೊಂಡ ಯುರೋಪಿನ ಅಧ್ಯಯನವೊಂದು ಆ ಅಂಜಿಕೆಗೆ ಉತ್ತರ ಕೊಟ್ಟಿತು. ಹೊಸ ಬಗೆಯ ಕಫ್ ಇರುವ ಟ್ಯೂಬಿನಿಂದ ಗಂಟಲ ಊತ ಹೆಚ್ಚಲಿಲ್ಲ. ಅಳತೆ ಹೊಂದದೆ ಟ್ಯೂಬು ಬದಲಿಸಬೇಕಾಗಿ ಬಂದದ್ದು ನೂರಕ್ಕೆ 30.8ರಿಂದ 2.1ಕ್ಕೆ ಇಳಿಯಿತು. ಕಫ್ ಇರುವ ಟ್ಯೂಬಿಗೆ ಒಲವು ಬೆಳೆಯಲು ಇದೂ ಒಂದು ಕಾರಣ. ಅಳತೆಗೂ ಅದರಿಂದ ಉಪಕಾರವಾಯಿತು. ತೀರ ಎಳೆಯ, ದಿನ ತುಂಬದ ಶಿಶುಗಳಲ್ಲಿ ಮಾತ್ರ ಸೋರಿಕೆಯ ಜೊತೆಗೇ ಬದುಕಬೇಕು.

ಇಷ್ಟೆಲ್ಲ ಸೂಕ್ಷ್ಮ ನೋಡಬೇಕೇ, ಹೆಚ್ಚೋ ಕಡಿಮೆಯೋ ಉಸಿರು ಹೋದರೆ ಸಾಲದೆ ಎಂದು ಕೇಳಬಹುದು. ಸಾಲದು ಎಂದು ಗೊತ್ತಾಗಲು ವೈದ್ಯಲೋಕಕ್ಕೇ ಬಹಳ ಕಾಲ ಹಿಡಿಯಿತು.

1952ರ ಬೇಸಿಗೆಯಲ್ಲಿ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ಅಪ್ಪಳಿಸಿತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಉಸಿರಿನ ಸ್ನಾಯುಗಳು ಸೋತ ರೋಗಿಗಳು, ಅವರಲ್ಲಿ ಬಹಳಷ್ಟು ಮಕ್ಕಳು, ಸಾಲುಸಾಲಾಗಿ ಸಾಯುತ್ತಿದ್ದರು. ಅವರ ರಕ್ತ ಪರೀಕ್ಷೆಯಲ್ಲಿ ಬೈಕಾರ್ಬನೇಟಿನ ಅಂಕಿ ವಿಪರೀತ ಹೆಚ್ಚಿರುತ್ತಿತ್ತು. ರಕ್ತ ಕ್ಷಾರವಾಗುವ ಯಾವುದೋ ಗೂಢ ತೊಂದರೆ ಎಂದು ವೈದ್ಯರು ಅದನ್ನು ಓದಿಕೊಂಡರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದೇ ಅಂಕಿಯನ್ನು ನೋಡಿ ಬೇರೆ ಮಾತು ಹೇಳಿದರು: ಇದು ಕ್ಷಾರವಲ್ಲ, ಇವರಿಗೆ ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ಕೂಡಿಬಿದ್ದಿದೆ. ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಶ್ವಾಸನಾಳಕ್ಕೆ ಟ್ಯೂಬಿಟ್ಟು ರಬ್ಬರ್ ಚೀಲದಿಂದ ಕೈಯಾರೆ ಗಾಳಿ ಒತ್ತಿದರು. ಅವಳು ಉಳಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಹೀಗೆ ಚೀಲ ಒತ್ತಿ ಜೀವ ಉಳಿಸಿದರು. ಅವರ ಮುಂದೆ ಪರದೆಯಿರಲಿಲ್ಲ, ಮಿ.ಲೀ. ಇರಲಿಲ್ಲ, ಎದೆ ಏಳುವುದನ್ನು ನೋಡುತ್ತಿದ್ದರು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಹೊಸ ವಿಧಾನವನ್ನು ಅದೇ ಸಂಕಟ ಹುಟ್ಟಿಸಿತು. ಐಸಿಯು ಎಂಬ ವ್ಯವಸ್ಥೆಯ ಹುಟ್ಟಿನಲ್ಲೇ ಅಂಕಿಯೊಂದನ್ನು ತಪ್ಪಾಗಿ ಓದಿದ ಘಟನೆ ಇದೆ ಎಂಬುದನ್ನು ಮರೆಯಬಾರದು. ಆ ಅಂಕಿ ತಪ್ಪಾಗಿರಲಿಲ್ಲ. ಅದು ಯಾವುದರ ಅಂಕಿ ಎಂಬುದರಲ್ಲಿ ತಪ್ಪಾಗಿತ್ತು.

ಆಮೇಲೆ ಯಂತ್ರಗಳು ಬಂದವು. ಗಾಳಿ ಹೆಚ್ಚು ಹೋದಷ್ಟೂ ಒಳ್ಳೆಯದು ಎಂಬ ಧೋರಣೆ ಬಹುಕಾಲ ನಡೆಯಿತು. 1988ರಲ್ಲಿ ಫ್ರಾನ್ಸಿನ ದಿದಿಯೆ ದ್ರೇಫ್ಯೂಸ್ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಪೆಟ್ಟು ಕೊಟ್ಟಿತು. ಎದೆಗೆ ಪಟ್ಟಿ ಕಟ್ಟಿ ಹಿಗ್ಗದಂತೆ ಮಾಡಿ ಹೆಚ್ಚಿನ ಒತ್ತಡ ಕೊಟ್ಟಾಗ ಶ್ವಾಸಕೋಶ ಹಾಳಾಗಲಿಲ್ಲ. ಒತ್ತಡ ಎಷ್ಟೇ ಇರಲಿ, ಗಾಳಿಯ ಪ್ರಮಾಣ ಹೆಚ್ಚಿದಾಗ ನೀರು ತುಂಬಿ ಹಾಳಾಯಿತು. 2000ದಲ್ಲಿ 861 ವಯಸ್ಕ ರೋಗಿಗಳ ಅಮೆರಿಕದ ಅಧ್ಯಯನ ಮಾತು ಮುಗಿಸಿತು: ಕಿಲೋಗೆ 12 ಮಿ.ಲೀ. ಪಡೆದವರಲ್ಲಿ ನೂರಕ್ಕೆ 39.8 ಮಂದಿ ಸತ್ತರೆ 6 ಮಿ.ಲೀ. ಪಡೆದವರಲ್ಲಿ 31. ಒಂದೂ ಹೊಸ ಔಷಧಿಯಿಲ್ಲದೆ, ಬರೀ ಉಸಿರನ್ನು ಚಿಕ್ಕದು ಮಾಡಿ, ಇಷ್ಟು ಜೀವ ಉಳಿದವು.

ಸಹಜವಾಗಿಯೇ ಮಕ್ಕಳ ವೈದ್ಯರೂ ಅದೇ ದಾರಿ ಹಿಡಿದರು. ಮಕ್ಕಳ ತೀವ್ರ ಶ್ವಾಸಕೋಶ ತೊಂದರೆಯ ಬಗ್ಗೆ 2015ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಕೊಟ್ಟ ಮಾರ್ಗದರ್ಶಿ, ಶ್ವಾಸಕೋಶ ಚೆನ್ನಾಗಿ ಹಿಗ್ಗುವ ಮಕ್ಕಳಿಗೆ ಕಿಲೋಗೆ 5ರಿಂದ 8, ಗಡುಸಾದವರಿಗೆ 3ರಿಂದ 6 ಮಿ.ಲೀ. ಎಂದು ಹೇಳಿತು. ಆದರೆ ಮಕ್ಕಳ ಮೇಲಿನ ಅವಲೋಕನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2014ರಲ್ಲಿ ನೋಡಿದಾಗ ವಿಚಿತ್ರವೊಂದು ಕಂಡಿತ್ತು. ಉಸಿರಿನ ಪ್ರಮಾಣಕ್ಕೂ ಸಾವಿಗೂ ನಂಟೇ ಸಿಗಲಿಲ್ಲ. ದೊಡ್ಡವರಲ್ಲಿ ಅಷ್ಟು ಸ್ಪಷ್ಟವಾದದ್ದು ಮಕ್ಕಳಲ್ಲಿ ಮಾಯ.

ಇದನ್ನು ಹಲವು ರೀತಿ ವಿವರಿಸುತ್ತಾರೆ. ಮಕ್ಕಳ ಶ್ವಾಸಕೋಶವೇ ಬೇರೆ, ಕಾಯಿಲೆಗಳೇ ಬೇರೆ, ಕಾಯಿಲೆ ಜೋರಾದವರಿಗೆ ವೈದ್ಯರು ಮೊದಲೇ ಉಸಿರು ತಗ್ಗಿಸಿರುತ್ತಾರೆ. ಎಲ್ಲವೂ ಇರಬಹುದು. ಆದರೆ ನನಗೆ ಅದಕ್ಕಿಂತ ಮೊದಲಿನ ಪ್ರಶ್ನೆ ಕಾಡುತ್ತದೆ. ಒಂದು ಆಸ್ಪತ್ರೆ ಯಂತ್ರದ ಹಿಂಬಾಗಿಲಲ್ಲಿ ಅಳೆದ 8 ಮಿ.ಲೀ., ಇನ್ನೊಂದು ಟ್ಯೂಬಿನ ಬಾಯಲ್ಲಿ ಅಳೆದ 8 ಮಿ.ಲೀ., ಮೂರನೆಯದು ಕೊಳವೆಯ ಪಾಲು ಕಳೆದ 8 ಮಿ.ಲೀ. ಈ ಮೂರನ್ನೂ ಒಂದೇ ಕೋಷ್ಟಕದ ಒಂದೇ ಸಾಲಿಗೆ ಸುರಿದು ನಂಟು ಸಿಗಲಿಲ್ಲ ಎಂದರೆ, ನಂಟು ಇಲ್ಲ ಎಂದೋ ಅಥವಾ ಅಳತೆ ಇಲ್ಲ ಎಂದೋ? ಹತ್ತು ಕಿಲೋದೊಳಗಿನ ಮಕ್ಕಳಲ್ಲಿ ಅಳತೆಯ ಜಾಗದಿಂದ ಬರುವ ವ್ಯತ್ಯಾಸ, ಪರೀಕ್ಷಿಸಹೊರಟ 6ಕ್ಕೂ 10ಕ್ಕೂ ಇರುವ ವ್ಯತ್ಯಾಸವನ್ನೇ ನುಂಗಿಹಾಕುವಷ್ಟಿದೆ. ನಂಟು ಇದೆಯೆಂದು ನಾನು ಹೇಳುತ್ತಿಲ್ಲ. ಅದನ್ನು ಕೇಳುವ ಸ್ಥಿತಿಯಲ್ಲೇ ನಾವಿರಲಿಲ್ಲ ಎನ್ನುತ್ತಿದ್ದೇನೆ. 2015ರ ಮಾರ್ಗದರ್ಶಿಯೂ ಇದನ್ನು ಕಂಡುಕೊಂಡಂತಿದೆ: ಶಿಶುಗಳಲ್ಲಿ ಮತ್ತು ಸಣ್ಣ ಮಕ್ಕಳಲ್ಲಿ ಟ್ಯೂಬಿನ ತುದಿಯಲ್ಲಿ ಅಳೆಯಿರಿ, ಇಲ್ಲವೆ ಸರ್ಕ್ಯೂಟಿನ ಪಾಲನ್ನು ಸರಿಯಾಗಿ ಕಳೆಯಿರಿ ಎಂದು ಅದರಲ್ಲಿದೆ. ಆ ‘ಇಲ್ಲವೆ’ ಎಂಬ ರಿಯಾಯಿತಿ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ.

ನವಜಾತ ಶಿಶುಗಳ ವಿಭಾಗ ಈ ವಿಷಯದಲ್ಲಿ ಮುಂದಿದೆ. ಅಲ್ಲಿ ಟ್ಯೂಬಿನ ಬಾಯಲ್ಲಿ ಸೆನ್ಸರ್ ಇಟ್ಟು, ಅದರ ಅಳತೆ ನೋಡಿಕೊಂಡು ಯಂತ್ರವೇ ಉಸಿರಿನಿಂದ ಉಸಿರಿಗೆ ಒತ್ತಡ ಏರಿಳಿಸುವ ಪದ್ಧತಿ ಬಂದಿದೆ. ಹೀಗೆ ಪ್ರಮಾಣ ನೋಡಿ ಕೊಟ್ಟ ಉಸಿರನ್ನು ಬರೀ ಒತ್ತಡ ನೋಡಿ ಕೊಟ್ಟ ಉಸಿರಿನ ಜೊತೆ ಹೋಲಿಸಿದ 20 ಅಧ್ಯಯನಗಳ ಕಾಕ್ರೇನ್ ಪರಿಶೀಲನೆ 2017ರಲ್ಲಿ ಬಂತು. ಸಾವು ಅಥವಾ ದೀರ್ಘಕಾಲದ ಶ್ವಾಸಕೋಶ ತೊಂದರೆ, ಶ್ವಾಸಕೋಶ ಒಡೆದು ಎದೆಯಲ್ಲಿ ಗಾಳಿ ತುಂಬುವುದು, ಮೆದುಳಿನ ತೀವ್ರ ರಕ್ತಸ್ರಾವ, ಮೂರೂ ಕಡಿಮೆಯಾಗಿದ್ದವು. ಒಂದು ಕಿಲೋ ತೂಗುವ ಶಿಶುವಿಗೆ ಬೇಕಾದ ಉಸಿರು ನಾಲ್ಕೈದು ಮಿ.ಲೀ.; ಅಲ್ಲಿ ಅಳತೆ ಸರಿಯಾದರೆ ಫಲ ಹೀಗೆ ಕಣ್ಣಿಗೆ ಕಾಣುತ್ತದೆ.

ಅನುಭವಿ ವೈದ್ಯರು ಒಂದು ಆಕ್ಷೇಪ ಎತ್ತುತ್ತಾರೆ, ಅದಕ್ಕೆ ತೂಕವಿದೆ. ನಾವು ಬರೀ ಅಂಕಿ ನೋಡುವುದಿಲ್ಲ, ಎದೆ ಏಳುವುದನ್ನು ನೋಡುತ್ತೇವೆ, ಸ್ಟೆತಸ್ಕೋಪ್ ಇಡುತ್ತೇವೆ, ರಕ್ತದ ಗ್ಯಾಸ್ ರಿಪೋರ್ಟ್ ನೋಡುತ್ತೇವೆ, ಕೊನೆಗೆ ಮುಖ್ಯವಾದದ್ದು ಅದೇ ಅಲ್ಲವೆ ಎಂದು. ಮಗುವಿನ ಹಾಸಿಗೆಯ ಪಕ್ಕ ನಿಂತ ಕಣ್ಣನ್ನು ಯಾವ ಸೆನ್ಸರೂ ಬದಲಿಸಲಾರದು. ಆದರೆ ಕಣ್ಣಳತೆಯ ಮೇಲೂ ಅಧ್ಯಯನಗಳಾಗಿವೆ. ಹೆರಿಗೆ ಕೋಣೆಯಲ್ಲಿ ದಿನ ತುಂಬದ ಶಿಶುಗಳಿಗೆ ಮಾಸ್ಕಿನಿಂದ ಗಾಳಿ ಕೊಡುವವರನ್ನು ಎದೆ ಎಷ್ಟು ಏಳುತ್ತಿದೆ ಎಂದು ಕೇಳಿ, ಅಳೆದ ಪ್ರಮಾಣದ ಜೊತೆ ಹೋಲಿಸಿದಾಗ ಎರಡೂ ಹೊಂದಲಿಲ್ಲ. ಇನ್ನು ಗ್ಯಾಸ್ ರಿಪೋರ್ಟ್ ಸರಿಯಾದ ಸಾಕ್ಷಿ, ಆದರೆ ತಡವಾಗಿ ಬರುವ ಸಾಕ್ಷಿ. ಉಸಿರು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ತೀರ ಇಳಿದರೆ ಮೆದುಳಿಗೆ ರಕ್ತ ಹರಿಯುವುದೇ ಕಡಿಮೆಯಾಗುತ್ತದೆ. ಎಳೆಯ ಶಿಶುವಿನ ಮೆದುಳಿಗೆ ಅದು ಒಳ್ಳೆಯದಲ್ಲ. ರಿಪೋರ್ಟ್ ಬರುವಷ್ಟರಲ್ಲಿ ಆ ತಪ್ಪು ಸಾವಿರಾರು ಸಲ ನಡೆದಿರುತ್ತದೆ.

ಸೆನ್ಸರ್ ಇಟ್ಟರೆ ಎಲ್ಲ ಸರಿಹೋಯಿತು ಎಂದೂ ಅಲ್ಲ. ಹರಿವನ್ನು ಅಳೆದು ಅದರಿಂದ ಪ್ರಮಾಣ ಕೂಡಿಸುವ ಉಪಕರಣ ಹಳೆಯದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಫ್ಲೈಶ್ ಅದನ್ನು ರೂಪಿಸಿದ್ದು 1925ರಲ್ಲಿ. ಶಿಶುಗಳಿಗೆ ಈಗ ಹೆಚ್ಚಾಗಿ ಬಳಸುವುದು ಕಾದ ತಂತಿಯ ಸೆನ್ಸರ್. ಕೂದಲಿನಷ್ಟು ತೆಳುವಾದ ತಂತಿಯನ್ನು ಒಂದೇ ಬಿಸಿಯಲ್ಲಿ ಇಟ್ಟಿರುತ್ತಾರೆ, ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ, ಬಿಸಿ ಕಾಯ್ದುಕೊಳ್ಳಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದೇ ಹರಿವಿನ ಅಳತೆ. ಜಾಣ ಉಪಾಯ, ಆದರೆ ಆ ತಂತಿಗೆ ಮಗುವಿನ ಒಂದು ಹನಿ ಕಫ ಅಂಟಿದರೆ ಮುಗಿಯಿತು. ಬೆಚ್ಚಗಿನ ತೇವದ ಗಾಳಿ ಎಸಿಯ ತಂಪಿಗೆ ಕೊಳವೆಯೊಳಗೆ ಹನಿಗಟ್ಟಿ ಸೆನ್ಸರಿನ ಕಡೆ ಜಾರಿದರೂ ಅಷ್ಟೆ. ಆ ನೀರಿನ ಅಲುಗಾಟವನ್ನೇ ಮಗುವಿನ ಉಸಿರೆಂದು ಓದಿ ಯಂತ್ರ ಸುಮ್ಮಸುಮ್ಮನೆ ಗಾಳಿ ಊದುವುದೂ ಉಂಟು. ಸೆನ್ಸರಿನೊಳಗಿನ ಜಾಗ ಒಂದು ಮಿ.ಲೀ.ಯಷ್ಟೇ, ಆದರೆ ಒಂದು ಕಿಲೋ ತೂಗುವ ಶಿಶುವಿಗೆ ಅದೂ ಭಾರ. ಸಣ್ಣ ಟ್ಯೂಬಿನ ತುದಿಯಲ್ಲಿ ತೂಗುವ ತೂಕದಿಂದ ಟ್ಯೂಬು ಬಾಗುವ, ಕಳಚುವ ಭಯ. ಯಂತ್ರದ ಒಣ ಗಾಳಿ 37 ಡಿಗ್ರಿಗೆ ಬೆಚ್ಚಗಾಗಿ ತೇವ ತುಂಬಿಕೊಳ್ಳುವಾಗಲೇ ನೂರಕ್ಕೆ ಹತ್ತು ಹನ್ನೊಂದರಷ್ಟು ಹಿಗ್ಗುತ್ತದೆ. ಯಾವ ಸ್ಥಿತಿಯ ಗಾಳಿ ಎಂಬ ಆಯ್ಕೆ ತಪ್ಪಾದರೆ ಅಳತೆಯಲ್ಲಿ ಅಷ್ಟು ತಪ್ಪು.

ಇಷ್ಟಾದರೂ ಹತ್ತು ಕಿಲೋದೊಳಗಿನ ಮಗುವಿಗೆ ಟ್ಯೂಬಿನ ಬಾಯ ಅಳತೆಯೇ ಬೇಕು ಎಂಬುದು ನನ್ನ ನಿಲುವು. ಕಾರಣ, ಸೆನ್ಸರಿನ ತಪ್ಪು ಕಣ್ಣಿಗೆ ಬೀಳುವ ತಪ್ಪು. ತೊಳೆದರೆ, ಬದಲಿಸಿದರೆ, ಹೊಸದಾಗಿ ಕ್ಯಾಲಿಬ್ರೇಟ್ ಮಾಡಿದರೆ ಹೋಗುತ್ತದೆ. ಅಲೆಯ ಗೆರೆ ಅಡ್ಡಾದಿಡ್ಡಿಯಾಗಿ ತಾನೇ ಹೇಳಿಕೊಳ್ಳುತ್ತದೆ. ಕೊಳವೆ ನುಂಗಿದ ಗಾಳಿ ಮಾತ್ರ ಯಾವ ಅಲಾರಂ ಇಲ್ಲದೆ, ನೀಟಾದ ಅಂಕಿಯ ವೇಷದಲ್ಲಿ ಇರುತ್ತದೆ.

ಹಾಗಿದ್ದರೆ ಕಾನೂನು, ಮಾನದಂಡಗಳು ಏನು ಹೇಳುತ್ತವೆ? ಐಸಿಯು ವೆಂಟಿಲೇಟರುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 80601-2-12. ಹೊರಬಿಡುವ ಉಸಿರು 50 ಮಿ.ಲೀ. ಮೀರಿದ್ದರೆ ಅಳತೆಯಲ್ಲಿ ನಿಜದಿಂದ 4 ಮಿ.ಲೀ. ಮತ್ತು ನೂರಕ್ಕೆ 15ರಷ್ಟು ಆಚೀಚೆ ಆಗಬಹುದೆಂದು ಅದು ಮಿತಿ ಹಾಕುತ್ತದೆ. ಅಂದರೆ 60 ಮಿ.ಲೀ. ಉಸಿರಿಗೆ 13 ಮಿ.ಲೀ. ಹೆಚ್ಚುಕಡಿಮೆಯಾದರೂ ಯಂತ್ರ ಪಾಸು. ಇನ್ನೂ ಪುಟ್ಟ ಉಸಿರಿನ ಮಾತು ಬಂದಾಗ ತಯಾರಕರೇ ತಮ್ಮ ಕೈಪಿಡಿಯಲ್ಲಿ ಏನು ಘೋಷಿಸಿದ್ದಾರೆ ಎಂದು ಹುಡುಕಿ ನೋಡಬೇಕು. ಹತ್ತು ಹನ್ನೆರಡು ಕಿಲೋದೊಳಗಿನ ಬಹುತೇಕ ಮಕ್ಕಳು ಬೀಳುವುದು ಅಲ್ಲಿಯೇ. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉಪಕರಣಗಳೆಲ್ಲ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ, ಒಳ್ಳೆಯದೇ. ಆದರೆ ಕಾಯ್ದೆ ಕನಿಷ್ಠವನ್ನು ನೋಡಿಕೊಳ್ಳುತ್ತದೆ. ಉಳಿದದ್ದು ಕೊಳ್ಳುವವರ ಕೈಯಲ್ಲಿ.

ಕೊಳ್ಳುವವರ ಟೆಂಡರಿನಲ್ಲಿ ಏನಿರಬೇಕು? ‘ನವಜಾತ ಶಿಶುವಿನಿಂದ ವಯಸ್ಕರವರೆಗೆ’ ಎಂಬ ಒಂದು ಸಾಲು ಸಾಲದು. ಆ ಸಾಲಿಗೆ ಹೂಂ ಎನ್ನದ ಕಂಪನಿಯಿಲ್ಲ. 5, 10, 20 ಮಿ.ಲೀ. ಉಸಿರಿನಲ್ಲಿ, ಗಡುಸಾದ ಪರೀಕ್ಷಾ ಶ್ವಾಸಕೋಶ ಜೋಡಿಸಿ, ಹ್ಯೂಮಿಡಿಫೈಯರ್ ಹಚ್ಚಿ, ಟ್ಯೂಬಿನ ಬಾಯಲ್ಲಿ ಸ್ವತಂತ್ರ ಮೀಟರ್ ಇಟ್ಟು ತೋರಿಸಿ ಎನ್ನಬೇಕು. ಯಂತ್ರದ ಜೊತೆ ಎಷ್ಟು ಸೆನ್ಸರ್ ಕೊಡುತ್ತೀರಿ, ಮೂರು ವರ್ಷದ ಬಳಿಕ ಒಂದಕ್ಕೆ ಎಷ್ಟು ಬೆಲೆ ಎಂದು ಅಲ್ಲೇ ಬರೆಸಿಕೊಳ್ಳಬೇಕು. ಯಂತ್ರಕ್ಕೆ ದಾನಿಗಳು ಸಿಗುತ್ತಾರೆ, ಫಲಕ ಹಾಕಿ ಫೋಟೊ ತೆಗೆಸಿಕೊಳ್ಳಬಹುದು; ಸೆನ್ಸರಿಗೆ ಯಾರೂ ಫಲಕ ಹಾಕಿಸುವುದಿಲ್ಲ. ವರ್ಷಕ್ಕೊಮ್ಮೆ ಬರುವ ಕ್ಯಾಲಿಬ್ರೇಷನ್ ಸ್ಟಿಕರಿನದೂ ಇದೇ ಪಾಡು. 500 ಮಿ.ಲೀ.ಯಲ್ಲಿ ಪರೀಕ್ಷಿಸಿ ಅಂಟಿಸಿದ ಸ್ಟಿಕರ್ 15 ಮಿ.ಲೀ. ಬಗ್ಗೆ ಏನೂ ಹೇಳುವುದಿಲ್ಲ.

ಗಾಳಿಯ ಅಳತೆ ಸರಿಯಾಯಿತು ಎನ್ನಿ, ಅದನ್ನು ಭಾಗಿಸುವ ತೂಕ? ಕಿಲೋಗೆ 6 ಎಂದಾಗ ಯಾವ ಕಿಲೋ? 861 ರೋಗಿಗಳ ಆ ಅಧ್ಯಯನದಲ್ಲಿ ತೂಕದ ತಕ್ಕಡಿ ಬಳಸಲಿಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ ಬಳಸಿದರು. ಶ್ವಾಸಕೋಶ ಬೆಳೆಯುವುದು ಮೈಯ ಎತ್ತರಕ್ಕೆ ತಕ್ಕಂತೆ, ಬೊಜ್ಜಿಗೆ ತಕ್ಕಂತೆ ಅಲ್ಲ. ನಮ್ಮಲ್ಲಿ ಅದರ ಇನ್ನೊಂದು ಮಗ್ಗುಲೂ ಇದೆ. ಅಪೌಷ್ಟಿಕತೆಯಿಂದ ಸೊರಗಿದ ಮಗುವಿನ ತೂಕ ಅದರ ಎತ್ತರಕ್ಕೆ ಕಡಿಮೆ. ತುರ್ತಿನಲ್ಲಿ ಮಗುವನ್ನು ತೂಗಲಾಗದಾಗ ಉದ್ದ ನೋಡಿ ತೂಕ ಹೇಳುವ ಬ್ರೋಸ್‌ಲೋ ಟೇಪು ಅಮೆರಿಕದ ಮಕ್ಕಳ ಅಳತೆಯ ಮೇಲೆ ಮಾಡಿದ್ದು. ಭಾರತದ ಮಕ್ಕಳ ತೂಕವನ್ನು ಅದು ಹೆಚ್ಚು ತೋರಿಸುತ್ತದೆಂದು ಅಧ್ಯಯನದಲ್ಲೇ ಕಂಡಿದೆ. ಔಷಧಿಯ ಲೆಕ್ಕಕ್ಕೆ ಇದು ತೊಂದರೆ, ಉಸಿರಿನ ಲೆಕ್ಕಕ್ಕೆ ಬಹುಶಃ ಅಷ್ಟು ತೊಂದರೆಯಲ್ಲ. ಆದರೆ ಯಾವ ತೂಕ ಹಿಡಿದೆವು ಎಂದು ಬರೆದಿಟ್ಟಿರಬೇಕಲ್ಲ.

ಬರೆದಿಡುವ ಮಾತಿಗೆ ಬಂದರೆ, ಇದರ ನಿಜವಾದ ಪರೀಕ್ಷೆ ನಡೆಯುವುದು ಮಗುವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ. ಜಿಲ್ಲಾ ಆಸ್ಪತ್ರೆಯಿಂದ ಬೆಂಗಳೂರಿಗೆ ಹೊರಟ ಆಂಬುಲೆನ್ಸಿನಲ್ಲಿ ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್ ಬೇರೆ, ಸರ್ಕ್ಯೂಟು ಬೇರೆ. ತಲುಪಿದ ಮೇಲೆ ಅಲ್ಲಿನ ಯಂತ್ರ ಮತ್ತೂ ಬೇರೆ. ರೆಫರಲ್ ಚೀಟಿಯಲ್ಲಿ ‘ವಿಟಿ 30’ ಎಂದಷ್ಟೇ, ಅಂದರೆ ಒಂದು ಉಸಿರಿಗೆ 30 ಮಿ.ಲೀ. ಎಂದಷ್ಟೇ, ಬರೆದಿರುತ್ತದೆ. ಅದು ಯಂತ್ರದ ಹಿಂಬಾಗಿಲ 30 ಆಗಿದ್ದರೆ, ಟ್ಯೂಬಿನ ಬಾಯಲ್ಲಿ ಅಳೆಯುವ ಯಂತ್ರಕ್ಕೆ ಅದನ್ನೇ ತುಂಬಿದ ಕ್ಷಣದಿಂದ ಮಗುವಿಗೆ ಹೋಗುವ ಉಸಿರು ಒಮ್ಮೆಗೇ ಬಹಳಷ್ಟು ಹೆಚ್ಚುತ್ತದೆ. ಎರಡೂ ಕಡೆಯ ವೈದ್ಯರು ತಮ್ಮ ಪಾಲಿಗೆ ಸರಿಯಾಗಿಯೇ ಇರುತ್ತಾರೆ. ಕೇಸ್ ಶೀಟಿನಲ್ಲಿ, ರೆಫರಲ್ ಚೀಟಿಯಲ್ಲಿ ಆ ಅಂಕಿಯ ಪಕ್ಕ ಮೂರು ಸಣ್ಣ ಖಾನೆ ಇರಲಿ: ಅಳೆದದ್ದು ಯಂತ್ರದಲ್ಲೋ ಟ್ಯೂಬಿನ ಬಾಯಲ್ಲೋ, ಟ್ಯೂಬಿಗೆ ಕಫ್ ಇದೆಯೋ ಇಲ್ಲವೋ, ಹಿಡಿದ ತೂಕ ತಕ್ಕಡಿಯದೋ ಎತ್ತರದ್ದೋ. ಮುಂದಿನ ಸಲ ಆಸ್ಪತ್ರೆಯವರು ಫಾರಂ ಮುದ್ರಣಕ್ಕೆ ಕೊಡುವಾಗ ಸೇರಿಸಿದರೆ ಆಯಿತು, ಪ್ರೆಸ್ಸಿನವರು ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.